ಯಾರ ಹೊರೆ ಯಾರ ತಲೆಗೆ?

(ತೋಟದ ಕಾರ್ಮಿಕ ಕುಟುಂಬಗಳ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ದಿನವೆಲ್ಲ ಸೊಪ್ಪು ಕಿತ್ತು, ತೂಕ ಹಾಕಿಸಿ, ಮನೆಗೆ ಬಂದು ಒಲೆ ಹಚ್ಚಿ, ಮಕ್ಕಳಿಗೆ ಉಣಬಡಿಸಿ ಇಲ್ಲಿಗೆ ಬಂದು ಕೂತಿದ್ದೀರಿ. ನಿಮ್ಮ ಮುಂದೆ ಸುತ್ತು ಬಳಸಿ ಮಾತಾಡುವುದು ಸರಿಯಲ್ಲ. ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಲೈನ್ ಮನೆಗಳಲ್ಲಿ ದಿನ ಬೆಳಗಾದರೆ ಕೇಳುವ ಎರಡು ಮಾತುಗಳಿವೆ. ಮೊದಲನೆಯದು, “ಅವರೆಲ್ಲ ಹಾಗೇ.” ಒಬ್ಬ ಹುಡುಗ ಅಂಗಡಿಯಲ್ಲಿ ಸಾಲ ಮಾಡಿ ಓಡಿಹೋದರೆ, “ಆ ಲೈನಿನವರೆಲ್ಲ ಹಾಗೇ.” ಒಬ್ಬ ಹಿರಿಯನು ಕಾಣಿಕೆಯ ಹಣದಲ್ಲಿ ಕೈ ಇಟ್ಟರೆ, “ಚರ್ಚಿನವರೆಲ್ಲ ಹಾಗೇ.” ಬೇರೆಯವರು ನಮ್ಮನ್ನು ಹೀಗೆ ಅಂದಾಗ ನಮಗೆ ಎದೆ ಉರಿಯುತ್ತದೆ. ಆದರೆ ಪಕ್ಕದ ಲೈನಿನಲ್ಲಿ ಬೇರೆ ಮತದವನೊಬ್ಬ ಕುಡಿದು ಹೆಂಡತಿಯನ್ನು ಹೊಡೆದರೆ, ಅದೇ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ, ಯೋಚಿಸಿ ನೋಡಿ.

ಎರಡನೆಯ ಮಾತು, “ನಾನೊಬ್ಬ ಏನು ಮಾಡಲಿಕ್ಕಾಗುತ್ತದೆ?” ಕಣ್ಣ ಮುಂದೆ ಅನ್ಯಾಯ ನಡೆಯುತ್ತಿರುತ್ತದೆ. ಎಲ್ಲರೂ ಸುಮ್ಮನಿದ್ದಾರೆ, ನಾನೂ ಸುಮ್ಮನಿದ್ದೇನೆ. ನಾಳೆ ಯಾರಾದರೂ ಕೇಳಿದರೆ, “ಎಲ್ಲರೂ ಇದ್ದರಲ್ಲ” ಎನ್ನುತ್ತೇನೆ.

ಮೊದಲನೆಯ ಮಾತಿನಿಂದ ಒಬ್ಬನ ತಪ್ಪನ್ನು ಎಲ್ಲರ ತಲೆಗೆ ಕಟ್ಟುತ್ತೇವೆ. ಎರಡನೆಯ ಮಾತಿನಿಂದ ನಮ್ಮ ಸ್ವಂತ ತಪ್ಪನ್ನು ಎಲ್ಲರ ನಡುವೆ ಬಚ್ಚಿಡುತ್ತೇವೆ. ಈ ಎರಡು ಮಾತುಗಳು ಅಣ್ಣತಮ್ಮಂದಿರು ಎಂಬುದನ್ನು ಇಂದು ನಿಮಗೆ ತೋರಿಸಬೇಕೆಂದಿದ್ದೇನೆ. ಸತ್ಯವೇದದಿಂದ ಶುರುಮಾಡಿ, ಜರ್ಮನಿ ದೇಶದ ಸಭೆಗಳಲ್ಲಿ ನಡೆದ ಒಂದು ದೊಡ್ಡ ಸಂಗತಿಯನ್ನು ಹೇಳಿ, ಕೊನೆಗೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳುತ್ತೇನೆ.

ಯೆಹೆಜ್ಕೇಲ ಪ್ರವಾದಿಯ ಕಾಲದಲ್ಲಿ ಇಸ್ರಾಯೇಲ್ಯರ ನಡುವೆ ಒಂದು ಗಾದೆ ಓಡಾಡುತ್ತಿತ್ತು. ಹುಳಿ ದ್ರಾಕ್ಷಿ ತಿಂದದ್ದು ಅಪ್ಪಂದಿರು, ಹಲ್ಲು ಜುಮ್ಮೆಂದದ್ದು ಮಕ್ಕಳಿಗೆ ಎಂಬ ಅರ್ಥದ ಗಾದೆ ಅದು. ಆ ಜನರು ಬಾಬೆಲಿಗೆ ಸೆರೆ ಒಯ್ಯಲ್ಪಟ್ಟು, ಪರದೇಶದಲ್ಲಿ ಹೊಳೆಯ ದಡದಲ್ಲಿ ಕೂತಿದ್ದರು. ಹಿರಿಯರು ಮಾಡಿದ ತಪ್ಪಿಗೆ ನಾವು ಇಲ್ಲಿ ಅನುಭವಿಸುತ್ತಿದ್ದೇವೆ, ನಮ್ಮದೇನೂ ಇಲ್ಲ ಎಂದು ಅವರ ಗೊಣಗಾಟ. ಆಗ ದೇವರು ಪ್ರವಾದಿಯ ಮೂಲಕ, ಇನ್ನು ಈ ಗಾದೆ ನಿಮ್ಮ ಬಾಯಲ್ಲಿ ಬರಕೂಡದು ಎಂದನು. ಮಗನ ಲೆಕ್ಕ ಮಗನಿಗೆ, ತಂದೆಯ ಲೆಕ್ಕ ತಂದೆಗೆ. 18ನೆಯ ಅಧ್ಯಾಯ ಪೂರ್ತಿ ಇದೇ ವಿಷಯ. ಧರ್ಮೋಪದೇಶಕಾಂಡ 24ನೆಯ ಅಧ್ಯಾಯದಲ್ಲೂ ನ್ಯಾಯಾಧಿಪತಿಗಳಿಗೆ ಇದೇ ಕಟ್ಟಳೆ: ಮಕ್ಕಳ ಅಪರಾಧಕ್ಕೆ ತಂದೆಯನ್ನಾಗಲಿ, ತಂದೆಯ ಅಪರಾಧಕ್ಕೆ ಮಕ್ಕಳನ್ನಾಗಲಿ ಕೊಲ್ಲಬಾರದು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ದಶಾಜ್ಞೆಗಳಲ್ಲಿ ತಂದೆಗಳ ಪಾಪದ ಫಲ ಮೂರು ನಾಲ್ಕು ತಲೆಗಳವರೆಗೆ ಬರುತ್ತದೆಂದು ಇದೆಯಲ್ಲ? ಹೌದು, ಇದೆ. ಆದರೆ ಫಲ ಬೇರೆ, ಪಾಪ ಬೇರೆ. ಅಪ್ಪ ಸಂಬಳವನ್ನೆಲ್ಲ ಕುಡಿದರೆ ಮಗಳು ಶಾಲೆ ಬಿಟ್ಟು ತೋಟಕ್ಕೆ ಬರಬೇಕಾಗುತ್ತದೆ. ಫಲ ಅವಳ ಮೇಲೆ ಬಿತ್ತು. ಅದರಿಂದ ಅವಳು ಕುಡುಕಿಯಾದಳೇ? ಇಲ್ಲ.

ಇನ್ನೊಂದು ಕಡೆಯೂ ಇದೆ. ದಾನಿಯೇಲನು ಎಂಥ ನೀತಿವಂತ ಎಂದು ನಿಮಗೆ ಗೊತ್ತು. ಅವನ ಪುಸ್ತಕದ 9ನೆಯ ಅಧ್ಯಾಯದ ಪ್ರಾರ್ಥನೆಯಲ್ಲಿ ಅವನು ತನ್ನ ಜನರ ಪಾಪವನ್ನು ಅರಿಕೆ ಮಾಡುವಾಗ “ಅವರು” ಎನ್ನದೆ “ನಾವು” ಎನ್ನುತ್ತಾನೆ. ಸಿಂಹದ ಗವಿಗೂ ಹೆದರದವನು, ತನ್ನನ್ನು ಪಾಪಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡನು. ಬೇರೆ ಯಾರೂ ಅವನನ್ನು ಆ ಸಾಲಿಗೆ ತಳ್ಳಲಿಲ್ಲ. ತಾನಾಗಿ ಬಂದು ನಿಂತನು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ “ಅವರೆಲ್ಲ ಹಾಗೇ” ಎಂಬ ಮಾತು ಏನು ಮಾಡಬಲ್ಲದು ಎಂದು ನೋಡೋಣ. ಇದನ್ನು ಹೇಳುವಾಗ ಬೇರೆಯವರ ಮೇಲೆ ಬೆರಳು ತೋರಿಸಲಾರೆ. ತಪ್ಪು ನಮ್ಮ ಕ್ರೈಸ್ತ ಸಭೆಗಳದೇ.

ಯೇಸುವನ್ನು ಶಿಲುಬೆಗೆ ಹಾಕಿಸಿದವರು ಯಾರು? ಪಿಲಾತನೆಂಬ ರೋಮನ್ ಅಧಿಕಾರಿ ತೀರ್ಪು ಕೊಟ್ಟನು, ರೋಮನ್ ಸಿಪಾಯಿಗಳು ಮೊಳೆ ಹೊಡೆದರು, ಕೆಲವು ಮಂದಿ ಮಹಾಯಾಜಕರು ಒಳಸಂಚು ಮಾಡಿದರು, ಅಂಗಳದಲ್ಲಿ ಸೇರಿದ್ದ ಒಂದು ಗುಂಪು ಕೂಗಿತು. ಇವರೆಲ್ಲ ಎಣಿಸಿ ಹೇಳಬಹುದಾದ ಜನ. ಶಿಲುಬೆಯ ಕೆಳಗೆ ನಿಂತು ಅತ್ತ ತಾಯಿಯೂ ಯೆಹೂದ್ಯಳೇ, ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರೇ, ಯೇಸುವೂ ಯೆಹೂದ್ಯನೇ. ಆದರೆ ಸಭೆಯವರು ನೂರಾರು ವರ್ಷ ಏನು ಕಲಿಸಿದರು? ಯೆಹೂದ್ಯರೆಲ್ಲರೂ ಕ್ರಿಸ್ತನನ್ನು ಕೊಂದವರು, ಅವರ ಮಕ್ಕಳೂ ಮೊಮ್ಮಕ್ಕಳೂ ಕೊಂದವರು ಎಂದು ಕಲಿಸಿದರು.

ಆ ಬೀಜ ಎಂಥ ಬೆಳೆ ಕೊಟ್ಟಿತು, ಕೇಳಿ. 1096ರಲ್ಲಿ ಯೆರೂಸಲೇಮನ್ನು ಬಿಡಿಸುತ್ತೇವೆಂದು ಹೊರಟ ಗುಂಪುಗಳು ದಾರಿಯಲ್ಲಿ ಜರ್ಮನಿಯ ವರ್ಮ್ಸ್, ಮೈಂಜ್ ಪಟ್ಟಣಗಳ ಯೆಹೂದ್ಯರನ್ನು ಕೊಂದವು. 1348ರ ಮಹಾ ಪ್ಲೇಗಿನಲ್ಲಿ, ಬಾವಿಗಳಿಗೆ ಯೆಹೂದ್ಯರು ವಿಷ ಹಾಕಿದರೆಂಬ ಸುಳ್ಳು ಹಬ್ಬಿತು. ಅವರೂ ಇದೇ ರೋಗದಿಂದ ಸಾಯುತ್ತಿದ್ದಾರೆ ಎಂದು ಅಂದಿನ ಪೋಪ್ ಆರನೆಯ ಕ್ಲೆಮೆಂಟ್ ಹೇಳಿದರೂ ಜನ ಕೇಳಲಿಲ್ಲ. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅವರನ್ನು ಗುಂಪಾಗಿ ಸುಟ್ಟರು. ನಾವು ಗೌರವಿಸುವ ಮಾರ್ಟಿನ್ ಲೂಥರ್ ಅವರೇ 1543ರಲ್ಲಿ ಯೆಹೂದ್ಯರ ಪ್ರಾರ್ಥನಾಲಯಗಳನ್ನು ಸುಡಬೇಕೆಂದು ಪುಸ್ತಕ ಬರೆದರು. ಒಳ್ಳೆಯ ಕೆಲಸ ಮಾಡಿದವರ ಕೈಯಿಂದಲೂ ಇಂಥದು ಬಂತು. ಇದನ್ನು ಮುಚ್ಚಿಡುವುದು ಸತ್ಯಕ್ಕೆ ಮಾಡುವ ದ್ರೋಹ.

ಕಡೆಗೆ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. 1935ರಲ್ಲಿ ಅವನ ಸರ್ಕಾರ ಮಾಡಿದ ಕಾನೂನು, ಮನುಷ್ಯನು ಏನು ಮಾಡಿದ್ದಾನೆ ಎಂದು ಕೇಳಲಿಲ್ಲ, ಅವನ ಅಜ್ಜ ಅಜ್ಜಿಯರು ಯಾರು ಎಂದು ಕೇಳಿತು. ಅವರಲ್ಲಿ ಮೂವರು ಯೆಹೂದ್ಯರಾಗಿದ್ದರೆ, ದೀಕ್ಷಾಸ್ನಾನ ಪಡೆದು ಚರ್ಚಿನ ಬೆಂಚಿನಲ್ಲಿ ಕೂರುವವನೂ ಯೆಹೂದ್ಯನೆಂದೇ ಲೆಕ್ಕ. 1938ರ ನವೆಂಬರಿನಲ್ಲಿ ಪ್ರಾರ್ಥನಾಲಯಗಳನ್ನು ಸುಟ್ಟರು. 1945ರಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿದ್ದರು. ತೊಟ್ಟಿಲ ಕೂಸುಗಳೂ ಅವರಲ್ಲಿದ್ದವು. ಆ ಕೂಸು ಯಾವ ಹುಳಿ ದ್ರಾಕ್ಷಿ ತಿಂದಿತ್ತು?

ಕೊಂದವರೆಲ್ಲ ನಾಸ್ತಿಕರೇನಲ್ಲ. ಅಂದಿನ ಜರ್ಮನಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಸರೂ ಒಂದಲ್ಲ ಒಂದು ಸಭೆಯ ದಾಖಲೆಯಲ್ಲಿತ್ತು.

ಈಗ ಸ್ಟುಟ್‌ಗಾರ್ಟ್ ಎಂಬ ಪಟ್ಟಣಕ್ಕೆ ಹೋಗೋಣ. ಆ ಊರು ನಮಗೆ ಪೂರ್ತಿ ಪರಕೀಯವಲ್ಲ. ಮಲೆಯಾಳ ನಿಘಂಟು ಬರೆದ ಗುಂಡರ್ಟ್ ಅವರು 1814ರಲ್ಲಿ ಹುಟ್ಟಿದ್ದು ಅಲ್ಲಿಯೇ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ತೆಗೆದ ಮೋಗ್ಲಿಂಗ್ ಅವರೂ ಅದೇ ವುರ್ಟೆಂಬರ್ಗ್ ಸೀಮೆಯವರು. ಬಾಸೆಲ್ ಮಿಷನ್ನಿನ ಎಷ್ಟೋ ಮಂದಿ ಅಲ್ಲಿಂದ ಬಂದು ಮಂಗಳೂರು, ಧಾರವಾಡ, ಕೊಡಗು, ನೀಲಗಿರಿಯ ಕೇತಿಗಳಲ್ಲಿ ಶಾಲೆ, ಸಭೆ ಕಟ್ಟಿದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಇದೇ ಮಿಷನ್ನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಶತ್ರು ದೇಶದವರೆಂದು ಹಿಡಿದು ಶಿಬಿರಕ್ಕೆ ಹಾಕಿತು, ಆಮೇಲೆ ದೇಶ ಬಿಡಿಸಿತು. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಉಪದೇಶಕನಿಗೂ ಜರ್ಮನಿಯ ಅರಸನ ಯುದ್ಧಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. “ಅವರೆಲ್ಲ ಹಾಗೇ” ಎಂಬ ಮಾತು ಯಾರನ್ನೂ ಬಿಡುವುದಿಲ್ಲ ನೋಡಿ.

1945ರ ಅಕ್ಟೋಬರ್ 18 ಮತ್ತು 19ರಂದು, ಬಾಂಬುಗಳಿಂದ ಹಾಳುಬಿದ್ದಿದ್ದ ಆ ಸ್ಟುಟ್‌ಗಾರ್ಟಿನಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳ ಮುಖಂಡರು ಕೂಡಿಬಂದರು. ನಿನ್ನೆ ಮೊನ್ನೆಯವರೆಗೆ ಶತ್ರುಗಳಾಗಿದ್ದ ದೇಶಗಳ ಸಭೆಗಳ ಪ್ರತಿನಿಧಿಗಳೂ ಅಲ್ಲಿಗೆ ಬಂದಿದ್ದರು. ಅವರ ಮುಂದೆ ಹನ್ನೊಂದು ಮಂದಿ ಜರ್ಮನರು ಒಂದು ಅರಿಕೆಗೆ ಸಹಿ ಹಾಕಿದರು. ತಮ್ಮ ಜನರಿಂದ ಅನೇಕ ದೇಶಗಳಿಗೆ ಅಳತೆಯಿಲ್ಲದ ಸಂಕಟ ಬಂತೆಂದು ಒಪ್ಪಿಕೊಂಡರು. ಸಾಕ್ಷಿ ಹೇಳುವ ಧೈರ್ಯದಲ್ಲಿ, ಪ್ರಾರ್ಥನೆಯಲ್ಲಿ, ನಂಬಿಕೆಯಲ್ಲಿ, ಪ್ರೀತಿಯಲ್ಲಿ ತಾವು ಹಿಂದೆ ಬಿದ್ದೆವೆಂದು ತಮ್ಮ ಮೇಲೆ ತಾವೇ ತಪ್ಪು ಹೊರಿಸಿಕೊಂಡರು.

ಆ ಹನ್ನೊಂದು ಮಂದಿಯಲ್ಲಿ ಮಾರ್ಟಿನ್ ನೀಮೊಲ್ಲರ್ ಎಂಬ ಸಭಾಪಾಲಕರು ಹಿಟ್ಲರನ ಸೆರೆಯಲ್ಲಿ ಎಂಟು ವರ್ಷ ಇದ್ದವರು. ಬಿಷಪ್ ವುರ್ಮ್ ಎಂಬವರು 1940ರಲ್ಲಿ, ಅಂಗವಿಕಲರನ್ನೂ ಬುದ್ಧಿಮಾಂದ್ಯರನ್ನೂ ಸರ್ಕಾರ ಕೊಲ್ಲಿಸುತ್ತಿದ್ದಾಗ, ಸಚಿವರಿಗೆ ವಿರೋಧ ಬರೆದವರು. ಇವರೇ ತಪ್ಪಾಯಿತು ಎಂದರೆ, ಏನೂ ಮಾಡದೆ ಕೂತವರ ಗತಿಯೇನು?

ಊರುಗಳಲ್ಲಿ ಸಭೆಯ ಜನರಿಗೆ ಇದು ಹಿಡಿಸಲಿಲ್ಲ. ಬಹಳ ಸಿಟ್ಟಾದರು. ಅವರ ಸಿಟ್ಟನ್ನು ನಾವು ತಳ್ಳಿಹಾಕಬಾರದು. ಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ತಾಯಂದಿರಿದ್ದರು. ಮನೆ ಸುಟ್ಟುಹೋದವರಿದ್ದರು. ಅದೇ ಕಾಲದಲ್ಲಿ ಪೂರ್ವದ ಸೀಮೆಗಳಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನರು ಮನೆಮಾರು ಬಿಟ್ಟು ಓಡಿಬಂದರು, ಇಲ್ಲವೇ ಓಡಿಸಲ್ಪಟ್ಟರು. ಅವರಲ್ಲಿ ಮುದುಕರೂ ಮಕ್ಕಳೂ ಇದ್ದರು. ಜರ್ಮನರೆಂಬ ಒಂದೇ ಕಾರಣಕ್ಕೆ ಅವರಿಗೆ ಆ ಗತಿ. ನಾವೇನು ಮಾಡಿದೆವು, ನಮ್ಮ ಹೆಸರಿನಲ್ಲಿ ತಪ್ಪೊಪ್ಪಿಕೊಳ್ಳಲು ಇವರು ಯಾರು ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆ.

ಈ ಪ್ರಶ್ನೆಗೆ ನೀಮೊಲ್ಲರ್ ಅವರು ಊರೂರಿಗೆ ಹೋಗಿ ಉತ್ತರ ಹೇಳಿದರು. ಜನರಿಗೆ ಬೈಯಲಿಲ್ಲ, ತಮ್ಮ ಕಥೆಯನ್ನು ಹೇಳಿಕೊಂಡರು. ಯುದ್ಧ ಮುಗಿದ ಮೇಲೆ ಒಂದು ದಿನ ಅವರು, ತಾವು ಸೆರೆಯಿದ್ದ ಡಾಖೌ ಶಿಬಿರವನ್ನು ಹೆಂಡತಿಗೆ ತೋರಿಸಲು ಕರೆದುಕೊಂಡು ಹೋದರು. ಹೆಣಗಳನ್ನು ಸುಡುತ್ತಿದ್ದ ಕಟ್ಟಡದ ಬಳಿ ಒಂದು ಹಲಗೆ. 1933ರಿಂದ 1945ರವರೆಗೆ ಇಲ್ಲಿ ಇಷ್ಟು ಜನರನ್ನು ಸುಡಲಾಯಿತು ಎಂದು ಅದರಲ್ಲಿ ಬರೆದಿತ್ತು. ಸತ್ತವರ ಸಂಖ್ಯೆ ನೋಡಿ ಹೆಂಡತಿ ತತ್ತರಿಸಿದರು. ನೀಮೊಲ್ಲರ್ ಅವರನ್ನು ತಿವಿದದ್ದು ಆ ವರ್ಷಗಳು. ಅವರನ್ನು ಹಿಡಿದದ್ದು 1937ರ ಜುಲೈ 1ರಂದು. ಅಲ್ಲಿಂದ ಮುಂದೆ ನೀನು ಎಲ್ಲಿದ್ದೆ ಎಂದು ದೇವರು ಕೇಳಿದರೆ, ಜೈಲಿನಲ್ಲಿದ್ದೆ ಎಂದು ಹೇಳಬಹುದು. ಆದರೆ 1933ರಿಂದ 1937ರವರೆಗೆ? ಆಗ ಅವರು ಹೊರಗಿದ್ದರು. ದೊಡ್ಡ ಸಭೆಯ ಪಾಲಕರಾಗಿದ್ದರು. 1933ರಲ್ಲಿ ಹಿಟ್ಲರನ ಪಕ್ಷಕ್ಕೇ ಮತ ಹಾಕಿದ್ದರು. ಯೆಹೂದ್ಯ ಮೂಲದ ಕ್ರೈಸ್ತರಿಗೆ ಸಭೆಯೊಳಗೆ ಅನ್ಯಾಯವಾದಾಗ ಎದ್ದು ನಿಂತರು. ಸಭೆಯ ಹೊರಗಿನವರನ್ನು, ಕಮ್ಯುನಿಸ್ಟರನ್ನು, ಬೇರೆ ಯೆಹೂದ್ಯರನ್ನು ಎಳೆದೊಯ್ದಾಗ ಅದು ತಮ್ಮ ಕೆಲಸವಲ್ಲ ಎಂದು ಸುಮ್ಮನಿದ್ದರು.

ಎಂಟು ವರ್ಷ ಸೆರೆಯಲ್ಲಿದ್ದ ಮನುಷ್ಯನು, ಆ ಮೊದಲ ನಾಲ್ಕು ವರ್ಷಗಳ ಲೆಕ್ಕವನ್ನು ತಾನೇ ಹುಡುಕಿ ತೆಗೆದನು. ಇದು ದಾನಿಯೇಲನ ದಾರಿ. “ಜರ್ಮನರೆಲ್ಲ ಕೊಲೆಗಾರರು” ಎಂದು ಹೊರಗಿನವನು ಹೇಳಿದರೆ ಅದು ಅನ್ಯಾಯ. “ನಾನು ಆ ನಾಲ್ಕು ವರ್ಷ ಸುಮ್ಮನಿದ್ದೆ” ಎಂದು ಒಳಗಿನವನು ಹೇಳಿದರೆ ಅದು ಮಾನಸಾಂತರ.

ಆದರೆ ಸ್ಟುಟ್‌ಗಾರ್ಟಿನ ಆ ಅರಿಕೆಯಲ್ಲೂ ಒಂದು ದೊಡ್ಡ ಕೊರತೆ ಇತ್ತು. ಅದರಲ್ಲಿ ಯೆಹೂದ್ಯರ ಹೆಸರೇ ಇರಲಿಲ್ಲ. 60 ಲಕ್ಷ ಜನ ಸತ್ತಿದ್ದರು, ಅವರು ಯಾರೆಂದು ಹೇಳಲು ನಾಲಿಗೆ ಹೊರಳಲಿಲ್ಲ. 1950ರಲ್ಲಿ ಬರ್ಲಿನ್ ಪಟ್ಟಣದ ವೈಸೆನ್‌ಸೇಯಲ್ಲಿ ಕೂಡಿದ ಸಭೆಗಳ ಮಹಾಸಭೆ, ಯೆಹೂದ್ಯರಿಗೆ ಆದ ಅನ್ಯಾಯದಲ್ಲಿ ತಮ್ಮ ಮೌನವೂ ಪಾಲುಗೊಂಡಿತೆಂದು ಬಾಯಿಬಿಟ್ಟು ಹೇಳಿತು. ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು, ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಬಾರದೆಂದು ಸಾರಿತು. ನೂರಾರು ವರ್ಷ ಸಲೀಸಾಗಿ ಆಡಿದ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಷ್ಟು ಕಾಲ ಬೇಕಾಯಿತು.

ಇಲ್ಲಿಂದ ನಾವು ಕಲಿಯಬೇಕಾದ ಒಂದು ಪಾಠವಿದೆ. ಪ್ರತಿ ಭಾನುವಾರ ನಾವು ಎಲ್ಲರೂ ಸೇರಿ ಪಾಪನಿವೇದನೆ ಮಾಡುತ್ತೇವೆ. ಒಳ್ಳೆಯದೇ. ಆದರೆ “ನಾವೆಲ್ಲರೂ ಪಾಪಿಗಳು” ಎನ್ನುವುದರಲ್ಲಿ ಒಂದು ಮೋಸವೂ ಅಡಗಿರಬಹುದು. ಎಲ್ಲರೂ ತಪ್ಪಿತಸ್ಥರಾದರೆ ಯಾರೊಬ್ಬನೂ ಉತ್ತರ ಕೊಡಬೇಕಾಗಿಲ್ಲ. ಹಣ ತಿಂದವನೂ, ತಿನ್ನುವುದನ್ನು ನೋಡಿ ಸುಮ್ಮನಿದ್ದವನೂ, ಏನೂ ತಿಳಿಯದ ಮುದುಕಿಯೂ ಒಂದೇ ಸ್ವರದಲ್ಲಿ “ನಾವು ಪಾಪಿಗಳು” ಎಂದು ಹೇಳಿ ಮನೆಗೆ ಹೋಗಬಹುದು. ಹಣ ಮಾತ್ರ ಪೆಟ್ಟಿಗೆಗೆ ಮರಳಿ ಬರುವುದಿಲ್ಲ.

ಹಾಗಾದರೆ ಯಾರ ಲೆಕ್ಕ ಎಷ್ಟು? ಇದನ್ನು ಬಿಡಿಸಿ ಹೇಳಿದ ಒಬ್ಬ ಜ್ಞಾನಿ ಇದ್ದರು, ಕಾರ್ಲ್ ಯಾಸ್ಪರ್ಸ್ ಎಂದು. ಅವರ ಹೆಂಡತಿ ಯೆಹೂದ್ಯ ಮನೆತನದವರಾಗಿದ್ದ ಕಾರಣ 1937ರಲ್ಲಿ ಅವರ ಕೆಲಸವನ್ನೇ ಕಿತ್ತುಕೊಂಡಿದ್ದರು. ಯುದ್ಧ ಮುಗಿದ ಚಳಿಗಾಲದಲ್ಲಿ ಹೈಡೆಲ್‌ಬರ್ಗಿನಲ್ಲಿ ವಿದ್ಯಾರ್ಥಿಗಳಿಗೆ ಈ ವಿಷಯದ ಮೇಲೆ ಪಾಠ ಹೇಳಿದರು. 1946ರಲ್ಲಿ ಅದು ಪುಸ್ತಕವಾಯಿತು. ಅವರು ತಪ್ಪನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಮೊದಲನೆಯದು, ಕಾನೂನಿನ ಅಪರಾಧ. ಇದನ್ನು ನ್ಯಾಯಾಲಯ ವಿಚಾರಿಸಬೇಕು, ಮಾಡಿದವನೇ ಶಿಕ್ಷೆ ಅನುಭವಿಸಬೇಕು. ನ್ಯೂರೆಂಬರ್ಗ್ ಪಟ್ಟಣದಲ್ಲಿ ಹಿಟ್ಲರನ ಕಡೆಯ ಮುಖಂಡರ ವಿಚಾರಣೆ ನಡೆದು, 1946ರ ಅಕ್ಟೋಬರ್ 1ರಂದು ತೀರ್ಪು ಮುಗಿಯಿತು. 22 ಮಂದಿಯಲ್ಲಿ 19 ಮಂದಿ ತಪ್ಪಿತಸ್ಥರು, ಮೂವರು ಬಿಡುಗಡೆ. ಅಷ್ಟು ದೊಡ್ಡ ಕೇಡಿನ ನಂತರವೂ ಒಬ್ಬೊಬ್ಬನನ್ನೇ ನಿಲ್ಲಿಸಿ, ನೀನು ಏನು ಮಾಡಿದೆ ಎಂದು ಕೇಳಿದರು. ಎರಡನೆಯದು, ಒಂದು ದೇಶದ ಜನರಾಗಿ ಹೊರಬೇಕಾದ ಹೊಣೆ. ಮೂರನೆಯದು, ಅವನವನ ಮನಸ್ಸಾಕ್ಷಿಯ ತಪ್ಪು. ಹೆದರಿ ತಲೆ ತಗ್ಗಿಸಿದ್ದು, ಲಾಭಕ್ಕೆ ಕಣ್ಣು ಮುಚ್ಚಿದ್ದು, ಇವು ಕೋರ್ಟಿಗೆ ಸಿಗುವುದಿಲ್ಲ, ಆದರೆ ಒಳಗೆ ಕೊರೆಯುತ್ತವೆ. ನಾಲ್ಕನೆಯದು, ದೇವರೊಬ್ಬನೇ ಅಳೆಯಬಲ್ಲದ್ದು. ನೆರೆಯವನು ಸತ್ತನು, ನಾನು ಬದುಕಿದ್ದೇನೆ ಎಂಬ ನೋವು ಅದು.

ಎರಡನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿಯೇ ಜನ ಎಡವುತ್ತಾರೆ. ಅಪ್ಪ ಸಾಲ ಮಾಡಿ ಸತ್ತುಹೋದನೆಂದು ಇಟ್ಟುಕೊಳ್ಳಿ. ಮಗ ಆ ಸಾಲ ಮಾಡಲಿಲ್ಲ. ಅವನನ್ನು ಕಳ್ಳನೆಂದು ಕರೆಯುವಂತಿಲ್ಲ. ಆದರೆ ಆ ಹಣದಲ್ಲಿ ತಂದ ಹಸು ಅವನ ಕೊಟ್ಟಿಗೆಯಲ್ಲಿದೆ, ಅದರ ಹಾಲು ಅವನ ಮಕ್ಕಳು ಕುಡಿಯುತ್ತಿದ್ದಾರೆ. ಮಾನವಂತನಾದರೆ ಅವನು ಸಾಲ ತೀರಿಸುತ್ತಾನೆ. 1952ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಇಸ್ರೇಲಿನೊಡನೆ ಒಪ್ಪಂದ ಮಾಡಿಕೊಂಡು 300 ಕೋಟಿ ಮಾರ್ಕ್ ಪರಿಹಾರ ಕೊಡಲು ಒಪ್ಪಿದ್ದು ಇಂಥ ಲೆಕ್ಕದಿಂದ. ಸತ್ತವರು ಅದರಿಂದ ಎದ್ದು ಬರಲಿಲ್ಲ. ಆದರೂ ಸಾಲ ಇದೆ ಎಂದು ಒಪ್ಪಿಕೊಂಡಂತಾಯಿತು. ತಪ್ಪು ಆನುವಂಶಿಕವಾಗಿ ಬರುವುದಿಲ್ಲ. ಹೊಣೆ ಬರುತ್ತದೆ.

“ನಾನೊಬ್ಬ ಏನು ಮಾಡಲಿಕ್ಕಾಗುತ್ತದೆ” ಎಂಬ ಮಾತಿಗೂ ಅದೇ ದೇಶದಲ್ಲಿ ಒಬ್ಬ ಮನುಷ್ಯ ಉತ್ತರ ಕೊಟ್ಟಿದ್ದಾರೆ. ಲೋಥರ್ ಕ್ರೈಸಿಗ್ ಎಂಬ ಒಬ್ಬ ಸಾಧಾರಣ ಜಡ್ಜಿ. ದಿಕ್ಕಿಲ್ಲದ ಬುದ್ಧಿಮಾಂದ್ಯರ ಪೋಷಣೆಯ ಮೇಲ್ವಿಚಾರಣೆ ಅವರ ಕೆಲಸ. 1940ರಲ್ಲಿ ತಮ್ಮ ವಶದಲ್ಲಿದ್ದ ಆ ಬಡಪಾಯಿಗಳು ಒಬ್ಬರ ಹಿಂದೊಬ್ಬರು ಸತ್ತ ಸುದ್ದಿ ಕಾಗದದಲ್ಲಿ ಬರತೊಡಗಿತು. ಅವರಿಗೆ ಸಂಶಯ ಬಂತು. ನ್ಯಾಯ ಮಂತ್ರಿಗೆ ಬರೆದರು. ಈ ಕೆಲಸ ನಡೆಸುತ್ತಿದ್ದ ಹಿಟ್ಲರನ ಆಪ್ತನ ಮೇಲೆ ಕೊಲೆಯ ದೂರು ಕೊಟ್ಟರು. ನನ್ನ ಅಪ್ಪಣೆಯಿಲ್ಲದೆ ನನ್ನ ವಶದಲ್ಲಿರುವ ಒಬ್ಬರನ್ನೂ ಸಾಗಿಸಬಾರದು ಎಂದು ಆಸ್ಪತ್ರೆಗಳಿಗೆ ಹುಕುಂ ಮಾಡಿದರು. ಹಿಟ್ಲರನೇ ಸಹಿ ಹಾಕಿದ ಕಾಗದ ತೋರಿಸಿದರೂ ಅದು ಕಾನೂನಾಗುವುದಿಲ್ಲ ಎಂದರು. ಅವರನ್ನು ಕೆಲಸದಿಂದ ಮನೆಗೆ ಕಳುಹಿಸಿದರು. ಅವರು ಹೋಗಿ ತಮ್ಮ ಹೊಲದಲ್ಲಿ ಬೇಸಾಯ ಮಾಡಿದರು, ಅಲ್ಲಿ ಇಬ್ಬರು ಯೆಹೂದ್ಯ ಹೆಂಗಸರನ್ನು ಬಚ್ಚಿಟ್ಟು ಉಳಿಸಿದರು. ಎದುರು ಮಾತಾಡಿದವನ ತಲೆ ಅಂದೇ ಹೋಗುತ್ತದೆ ಎಂದು ಸುಮ್ಮನಿದ್ದ ಸಾವಿರಾರು ವಿದ್ಯಾವಂತರು ಯುದ್ಧದ ನಂತರ ಹೇಳಿಕೊಂಡರು. ಕ್ರೈಸಿಗ್ ಬದುಕಿಯೇ ಇದ್ದರು.

ಅವರ ಕಥೆಯಲ್ಲಿ ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಮುಂದಿನ ಭಾಗ. ತಪ್ಪು ಮಾಡದ ಆ ಮನುಷ್ಯನೇ 1958ರಲ್ಲಿ ಸಭೆಗಳ ಕೂಟದಲ್ಲಿ ಎದ್ದು ನಿಂತು, ನಮ್ಮ ಯುವಕರು ನಾವು ಹಾಳುಮಾಡಿದ ದೇಶಗಳಿಗೆ ಹೋಗಿ ಕೈಯಿಂದ ಕೆಲಸ ಮಾಡಲಿ, ಆ ಜನ ಒಪ್ಪಿದರೆ ಮಾತ್ರ ಹೋಗಲಿ ಎಂದು ಕರೆ ಕೊಟ್ಟರು. ಯುದ್ಧದ ಕಾಲದಲ್ಲಿ ಮಕ್ಕಳಾಗಿದ್ದ ಹುಡುಗ ಹುಡುಗಿಯರು ನಾರ್ವೆ, ಹಾಲೆಂಡ್, ಇಂಗ್ಲೆಂಡ್, ಇಸ್ರೇಲ್ ದೇಶಗಳಿಗೆ ಹೋದರು. ಜರ್ಮನ್ ವಿಮಾನಗಳು 1940ರಲ್ಲಿ ಸುಟ್ಟಿದ್ದ ಕವೆಂಟ್ರಿ ಪಟ್ಟಣದ ದೊಡ್ಡ ದೇವಾಲಯದ ಹಾಳು ಗೋಡೆಗಳ ನಡುವೆ ಕಲ್ಲು ಗಾರೆ ಹೊತ್ತರು. ಕೈ ದುಡಿಮೆಯೇ ಅವರ ಅರಿಕೆಯಾಯಿತು. ದುಡಿಯುವ ಜನರಾದ ನಮಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು.

ಈಗ ನನ್ನ ಮಾತು. ಇದನ್ನು ಹೇಳದೆ ಇಳಿದುಹೋದರೆ ಮೇಲಿನದೆಲ್ಲ ಬರೀ ಪುಸ್ತಕದ ಮಾತಾಗುತ್ತದೆ.

ಬಹಳ ವರ್ಷಗಳ ಹಿಂದೆ ನಾನು ಒಂದು ತೋಟದಲ್ಲಿ ಸೊಪ್ಪಿನ ತೂಕ ಬರೆಯುತ್ತಿದ್ದೆ. ತೂಕ ನೋಡುವವನು ಬೇರೆ, ಪುಸ್ತಕದಲ್ಲಿ ಬರೆಯುವವನು ನಾನು. ಚೀಲಕ್ಕೆ ಇಷ್ಟು, ಒದ್ದೆ ಸೊಪ್ಪಿಗೆ ಇಷ್ಟು ಎಂದು ಕಳೆಯುವುದು ನಿಮಗೆಲ್ಲ ಗೊತ್ತಿರುವುದೇ. ಆದರೆ ಅಲ್ಲಿ ಒಣ ಬಿಸಿಲಿನ ದಿನವೂ ಒದ್ದೆಯ ಲೆಕ್ಕ ಕಳೆಯುತ್ತಿದ್ದರು. ಒಂದು ದಿನ ವಯಸ್ಸಾದ ಒಬ್ಬ ತಾಯಿ ತನ್ನ ಹೊರೆ ಇಳಿಸಿ, ತೂಕ ಕೇಳಿ, “ಅಯ್ಯಾ, ಇವತ್ತು ಮಳೆ ಎಲ್ಲಿ ಬಂತು?” ಎಂದು ನನ್ನನ್ನೇ ಕೇಳಿದಳು. ನಾನು ತಲೆ ಎತ್ತಲಿಲ್ಲ. ಎರಡು ಕಿಲೋ ಕಡಿಮೆ ಬರೆದೆ. ಎಲ್ಲ ತೋಟದಲ್ಲೂ ಹೀಗೇ, ನಾನೊಬ್ಬ ಏನು ಮಾಡಲಿಕ್ಕಾಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಮುಂದಿನ ಭಾನುವಾರ ಸಭೆಯಲ್ಲಿ ಎದ್ದು ನಿಂತು ಸತ್ಯವೇದ ಪಾಠ ಓದಿದೆ. ಹೀಗೆ ಮೂರು ವರ್ಷ ನಡೆಯಿತು.

ಆ ಕೆಲಸ ಬಿಟ್ಟು ಎಷ್ಟೋ ಕಾಲದ ಮೇಲೆ, ನಿದ್ದೆ ಬರದ ರಾತ್ರಿಗಳು ಹೆಚ್ಚಾದಾಗ, ನಾನು ಆ ತಾಯಿಯನ್ನು ಹುಡುಕಿಕೊಂಡು ಹೋದೆ. ಅವಳು ತೀರಿಹೋಗಿದ್ದಳು. ಮಗಳಿದ್ದಳು. ನಾನು ಮಾಡಿದ್ದನ್ನು ಹೇಳಿ, ನನ್ನ ಲೆಕ್ಕಕ್ಕೆ ಬಂದಷ್ಟು ಹಣವನ್ನು ಅವಳ ಮುಂದೆ ಇಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಅವ್ವ ನಿಮ್ಮ ಹೆಸರು ಯಾವತ್ತೂ ಹೇಳಲಿಲ್ಲ. ಚರ್ಚಿಗೆ ಹೋಗುವವರೆಲ್ಲ ಹಾಗೇ ಅಂತ ಮಾತ್ರ ಹೇಳುತ್ತಿದ್ದಳು.”

ಪ್ರಿಯರೇ, ಆ ಮಾತು ಕೇಳಿದಾಗ ನನಗೆ ಅರ್ಥವಾಯಿತು. ನಾನು ನನ್ನ ತಪ್ಪನ್ನು ಎಲ್ಲರ ನಡುವೆ ಬಚ್ಚಿಟ್ಟೆ. ಅದು ಹೋಗಿ ಎಲ್ಲರ ತಲೆಯ ಮೇಲೆ ಕೂತಿತು. ಏನೂ ಅರಿಯದ ನಮ್ಮ ಸಭೆಯ ಹೆಂಗಸರು, ಮಕ್ಕಳು, ಅವಳ ಪಕ್ಕದ ಸಾಲಿನಲ್ಲಿ ಸೊಪ್ಪು ಕಿತ್ತು ಅವಳಂತೆಯೇ ಎರಡು ಕಿಲೋ ಕಳೆದುಕೊಂಡವರು, ಅವರೆಲ್ಲ ನನ್ನ ಹೆಸರನ್ನು ಹೊತ್ತರು. ಅವಳು ಅಂದದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಹಾಗೆ ಅನ್ನಲು ದಾರಿ ಮಾಡಿಕೊಟ್ಟವನು ನಾನು.

ಆದುದರಿಂದ ನಿಮ್ಮಲ್ಲಿ ಮೂರು ವಿಷಯಗಳನ್ನು ಬೇಡಿಕೊಳ್ಳುತ್ತೇನೆ.

ಒಂದು, “ಅವರೆಲ್ಲ” ಎಂಬ ಮಾತು ಬಾಯಿಗೆ ಬಂದಾಗ ಅಲ್ಲೇ ತಡೆಯಿರಿ. ಯಾರು, ಯಾವಾಗ, ಏನು ಮಾಡಿದರು ಎಂದು ಕೇಳಿ. ಹೆಸರು ಗೊತ್ತಿದ್ದರೆ ಆ ಒಬ್ಬನ ಹೆಸರು ಹೇಳಿ, ಗೊತ್ತಿಲ್ಲದಿದ್ದರೆ ಸುಮ್ಮನಿರಿ. ಮಕ್ಕಳ ಮುಂದೆ ಇದನ್ನು ಇನ್ನೂ ಎಚ್ಚರದಿಂದ ಪಾಲಿಸಿ.

ಎರಡು, ನಮ್ಮವನೊಬ್ಬ ತಪ್ಪು ಮಾಡಿದಾಗ ಸಭೆಯ ಮಾನ ಹೋಗುತ್ತದೆಂದು ಮುಚ್ಚಬೇಡಿ. ಅವನ ಹೆಂಡತಿ ಮಕ್ಕಳನ್ನು ದೂರವಿಡಲೂ ಬೇಡಿ. ಅವನು ಉತ್ತರ ಕೊಡಲಿ. ಕಳೆದುಕೊಂಡವರಿಗೆ ತುಂಬಿಕೊಡುವ ಹೊಣೆಯನ್ನು ಸಭೆಯೂ ಹೊರಲಿ, ಅವನ ಮನೆಯ ಒಲೆ ಉರಿಯುವಂತೆಯೂ ನೋಡಿಕೊಳ್ಳಲಿ.

ಮೂರು, ಭಾನುವಾರ “ನಾವು ಪಾಪಮಾಡಿದ್ದೇವೆ” ಎಂದು ಎಲ್ಲರ ಸಂಗಡ ಹೇಳಿದ ಮೇಲೆ, ಒಂದು ನಿಮಿಷ ತಲೆ ಬಾಗಿಸಿ “ನಾನು” ಎಂದು ಶುರುಮಾಡಿ, ಯಾವ ದಿನ, ಯಾರಿಗೆ, ಏನು ಎಂದು ದೇವರಿಗೆ ಹೇಳಿ. ಸೋಮವಾರ ಅದರಲ್ಲಿ ಒಂದನ್ನಾದರೂ ಸರಿಮಾಡಿ.

ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಪೌಲನು ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಹೇಳಿ, ಎರಡು ವಚನ ದಾಟುವಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆನ್ನುತ್ತಾನೆ. ಓದಿದವರಿಗೆ ಇದು ಒಂದಕ್ಕೊಂದು ವಿರೋಧವೆಂದು ತೋರಬಹುದು. ನಿಮಗೆ ತೋರಲಿಕ್ಕಿಲ್ಲ. ಸಂಜೆ ಹೊತ್ತು ಸೊಪ್ಪಿನ ಹೊರೆಯನ್ನು ಒಬ್ಬಳೇ ಎತ್ತಿ ತಲೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಪಕ್ಕದವಳು ಒಂದು ಕೈ ಕೊಡಬೇಕು. ಕೈ ಕೊಟ್ಟಳೆಂದು ಹೊರೆ ಅವಳದಾಗುವುದಿಲ್ಲ. ಹೊತ್ತು ತೂಕದ ಕಡೆಗೆ ನಡೆಯಬೇಕಾದವಳು ಇವಳೇ.

ನಮ್ಮ ನಮ್ಮ ಹೊರೆಯನ್ನು ಗುರುತಿಸುವ ಕಣ್ಣನ್ನೂ, ಪಕ್ಕದವರಿಗೆ ಕೊಡುವ ಕೈಯನ್ನೂ ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.